ಪರದೆಯ ಹಿಂದಿನ ಇಟಲಿ

ಸಿನಿಮಾದಲ್ಲಿ ಯಾರಾದರೂ ಉಣ್ಣಲು ಕೂತರೆ ನನ್ನ ಕಣ್ಣು ಮೊದಲು ಹೋಗುವುದು ಅವರ ಕೈಗೆ. ನಾಯಕಿ ಕಣ್ಣೀರು ಸುರಿಸುತ್ತಿರಲಿ, ಖಳನಾಯಕ ಪಾಯಸಕ್ಕೆ ವಿಷ ಬೆರೆಸಿರಲಿ, ಉಣ್ಣುತ್ತಿರುವುದು ಎಡಗೈಯಲ್ಲೋ ಬಲಗೈಯಲ್ಲೋ ಎಂಬುದು ಇತ್ಯರ್ಥವಾಗುವ ತನಕ ನನಗೆ ಮುಂದಿನ ಕಥೆ ಬೇಡ. ಅಕ್ಕಪಕ್ಕದವರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ಅಳುವಾಗ ನಾನು "ಬಲಗೈ, ಬಲಗೈ" ಎಂದು ಗೊಣಗಿ ಬೈಸಿಕೊಂಡದ್ದೂ ಉಂಟು. ಬೈಯಲಿ. ಈ ವಯಸ್ಸಿನಲ್ಲಿ ಚಾಳಿ ಬಿಡು ಎಂದರೆ ಹಲ್ಲು ಬಿಟ್ಟಷ್ಟು ಸುಲಭವೇ?

ಇನ್ನೊಂದು ಚಾಳಿಯೂ ಇದೆ. ಇಟಲಿ ದೇಶದ ಚಿತ್ರ ಎಂದರೆ ನನಗೆ ಪ್ರಾಣ. ಎಲ್ಲಿ ಬಂದರೂ ಹೋಗಿ ಕೂಡುತ್ತೇನೆ. ಮಾತು ಒಂದೂ ತಿಳಿಯುವುದಿಲ್ಲ. ತಿಳಿಯಬೇಕೆಂಬ ಹಟವೂ ಇಲ್ಲ. ಆ ಕಲ್ಲಿನ ಓಣಿಗಳು, ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ ಒಣಗಿಸಿದ ಅರಿವೆಗಳು, ಕೈ ಕುಣಿಸುತ್ತ ಜಗಳಾಡುವ ಹೆಂಗಸರು ಕಂಡರೆ ಸಾಕು, ತವರಿಗೆ ಹೋಗಿ ಬಂದಷ್ಟು ಸಮಾಧಾನ. ಒಮ್ಮೆ ಇಲ್ಲಿಯ ಕಾಲೇಜಿನ ಮೇಷ್ಟ್ರೊಬ್ಬರು ನಿಜವಾದ ಇಟಲಿಗೇ ಹೋಗಿ ಬಂದರು. ಆಸೆಯಿಂದ ಚಹಾಕ್ಕೆ ಕರೆದೆ. ಅವರು ಬಂದು ಕೂತು, "ಅಲ್ಲಿ ಯಾರೂ ಕೈಯಿಂದ ಉಣ್ಣೂದಿಲ್ಲ ರೀ, ಎಲ್ಲಾ ಮುಳ್ಳುಚಮಚ" ಎಂದುಬಿಟ್ಟರು. ನನಗೆ ಎಂಥ ಸಿಟ್ಟು ಬಂತೆಂದರೆ ಎರಡನೇ ಕಪ್ ಚಹಾ ಬೇಕೇ ಎಂದು ಕೇಳಲೇ ಇಲ್ಲ. ಪಾಪ, ಅವರದೇನು ತಪ್ಪು? ಅವರು ಹೋಗಿದ್ದು ಭೂಪಟದಲ್ಲಿರುವ ಇಟಲಿಗೆ. ನನ್ನ ಇಟಲಿ ಇದ್ದದ್ದು ಕಲಬುರಗಿ ಕೋಟೆಯ ಮಗ್ಗುಲಿಗೆ, ಕಂದಕದ ಆಚೆಯ ಬಯಲಿನಲ್ಲಿ, ಒಂದು ಹಳೇ ಡೇರೆಯೊಳಗೆ.

ಆಗ ನಿಜಾಮರ ಕಾಲ. ನಾನು ಇನ್ನೂ ಪರಕಾರ ಉಡುವ ಹುಡುಗಿ. ನಮ್ಮಪ್ಪನದು ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ತೊಗರಿ ವ್ಯಾಪಾರ. ಬೊಂಬಾಯಿ ಕಡೆಯ ಒಂದು ಬೈಸ್ಕೋಪ್ ಕಂಪನಿ ಸುಗ್ಗಿ ಮುಗಿದ ಮೇಲೆ ಊರಿಗೆ ಬಂದು ಡೇರೆ ಹೊಡೆಯುತ್ತಿತ್ತು. ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲವನ್ನು ಅವರು ನಮ್ಮಪ್ಪನಿಗಿಂತ ಚೆನ್ನಾಗಿ ಬಲ್ಲರು. ಎಲ್ಲಿಯೋ ಓಡಿ ಸವೆದ ವಿಲಾಯತಿ ಚಿತ್ರಗಳ ಸುರುಳಿಗಳನ್ನು ಅಗ್ಗದಲ್ಲಿ ಹಿಡಿದು ತರುತ್ತಿದ್ದರು. ಅದೇನೋ, ಅವುಗಳಲ್ಲಿ ಹೆಚ್ಚಿನವು ಇಟಲಿಯವು. ಮಾತಿಲ್ಲದ ಮೂಕ ಚಿತ್ರಗಳು. ಆದರೆ ನಮ್ಮ ಡೇರೆ ಮಾತ್ರ ಎಂದೂ ಮೂಕವಾಗಿರಲಿಲ್ಲ. ಪರದೆಯ ಪಕ್ಕದಲ್ಲಿ ಉದ್ದನೆಯ ಕೋಲು ಹಿಡಿದು ಕಾಸೀಂಸಾಬ ನಿಂತಿರುತ್ತಿದ್ದ. ಪರದೆಯ ಮೇಲೆ ಏನು ಬಂದರೂ ಅದನ್ನು ಕನ್ನಡ, ಉರ್ದು ಕಲೆಸಿ ನಮಗೆ ತಿಳಿಯ ಹೇಳುವುದು ಅವನ ನೌಕರಿ. ತಿಳಿಯದಿದ್ದುದನ್ನು ಇನ್ನೂ ಜೋರಾಗಿ ಹೇಳುತ್ತಿದ್ದ.

ನನ್ನ ಮೆಚ್ಚಿನ ಇಟಲಿ ಚಿತ್ರಗಳು ಮೂರೇ ಮೂರು. ಅವುಗಳ ಅಸಲು ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಕಾಸೀಂಸಾಬ ಇಟ್ಟದ್ದೇ ಹೆಸರು: ನೀರಿನ ಊರು, ಬೆಂಕಿ ಗುಡ್ಡ, ಶಾವಿಗಿ ಊರು.

ನೀರಿನ ಊರಿನಲ್ಲಿ ಮನೆಗಳ ಹೊಸ್ತಿಲಿಗೇ ನೀರು. ಕರಿಯ ಉದ್ದ ದೋಣಿಗಳು ಓಣಿಯಲ್ಲಿ ತೇಲಿ ಹೋಗುತ್ತಿದ್ದವು. "ದೇಖೋ! ನೋಡ್ರಿ! ಈ ಶಹರದಾಗ ರಸ್ತಾ ಇಲ್ಲ, ಟಾಂಗಾ ಇಲ್ಲ. ಸಾಹುಕಾರ ಇರ್ಲಿ, ಫಕೀರ ಇರ್ಲಿ, ಎಲ್ಲಾರೂ ದೋಣಿ ಮ್ಯಾಗ!" ಎಂದು ಕಾಸೀಂಸಾಬ ಕೋಲು ಆಡಿಸುತ್ತಿದ್ದ. ಬೇಸಗೆಯಲ್ಲಿ ಒಂದು ಕೊಡ ನೀರಿಗೆ ಬಾವಿಯ ಕಟ್ಟೆಯ ಮೇಲೆ ಪಾಳಿ ಹಚ್ಚಿ ಕೂಡುತ್ತಿದ್ದ ನಮ್ಮವ್ವನಿಗೆ ಮಾತ್ರ ಆ ಊರಿನ ಮೇಲೆ ಅಸಾಧ್ಯ ಸಿಟ್ಟು. "ಇಷ್ಟು ನೀರು ಹರಿಯಾಕತ್ತದ, ಒಬ್ಬಾಕಿನರ ಕೊಡ ತಂದಾಳೇನು ನೋಡು! ಕೈಗೇಡಿ ಹೆಂಗಸರು!" ಎನ್ನುತ್ತಿದ್ದಳು. ಬೆಂಕಿ ಗುಡ್ಡ ಹೊಗೆ ಕಾರಲು ಶುರುಮಾಡಿದಾಗ ಮುಂದಿನ ಸಾಲಿನ ಮುದುಕನೊಬ್ಬ ಗಾಬರಿಯಿಂದ ತನ್ನ ಬೀಡಿಯನ್ನು ಆರಿಸಿದ್ದು ನನಗೆ ನೆನಪಿದೆ. "ಯಾರೂ ಓಡಬ್ಯಾಡ್ರಿ, ಅದು ಇಟಲಿಯಾಗ ಅದ. ನಮ್ಮ ಕಪನೂರ ಕಡಿ ಸುಣ್ಣದ ಭಟ್ಟಿ ಇರ್ತದಲ್ಲ, ಅದರ ಅಪ್ಪ ಅಂತ ತಿಳಕೋರಿ" ಎಂದು ಕಾಸೀಂಸಾಬ ಸಮಾಧಾನ ಹೇಳಿದ.

ಶಾವಿಗಿ ಊರಿಗೆ ಬರುತ್ತೇನೆ. ಅದಕ್ಕೆ ಮೊದಲು ಆ ಪರದೆಯ ಸಂಗತಿ ಹೇಳಬೇಕು. ಡೇರೆಯ ನಡುವೆ ಅಡ್ಡಲಾಗಿ ಒಂದು ದೊಡ್ಡ ಬಿಳಿ ಬಟ್ಟೆ. ಅದರ ಮುಂದೆ ಗಂಡಸರು, ಹಿಂದೆ ಹೆಂಗಸರು. ಮರ್ಯಾದಸ್ಥರ ಮನೆಯ ಹೆಂಗಸರು ಗಂಡಸರ ನಡುವೆ ಕೂಡುವುದುಂಟೇ? ಆಟಕ್ಕೆ ಮುಂಚೆ ಭಿಸ್ತಿ ಬಂದು ಚರ್ಮದ ಚೀಲದಿಂದ ಆ ಬಟ್ಟೆಗೆ ನೀರು ಎರಚುತ್ತಿದ್ದ. ಬಟ್ಟೆ ಒದ್ದೆಯಾದರೆ ಚಿತ್ರ ಎರಡೂ ಕಡೆಗೆ ಕಾಣುತ್ತಿತ್ತು. ಅರ್ಧ ನೀರು ನಮ್ಮ ತಲೆಯ ಮೇಲೆಯೇ. ಹಿಂದಿನಿಂದ ನೋಡುವವರಿಗೆ ಚಿತ್ರ ತಿರುವುಮುರುವಾಗಿ ಕಾಣುತ್ತದೆ, ಎಡಕ್ಕಿದ್ದದ್ದು ಬಲಕ್ಕೆ, ಬಲಕ್ಕಿದ್ದದ್ದು ಎಡಕ್ಕೆ ಎಂಬುದು ಒಬ್ಬ ಹೆಂಗಸಿಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ನಡುನಡುವೆ ಬರುವ ವಿಲಾಯತಿ ಅಕ್ಷರಗಳು ಮುಂದಿದ್ದವರಿಗೂ ಓದಲು ಬರುತ್ತಿರಲಿಲ್ಲ, ಹಿಂದಿದ್ದವರಿಗೂ ಬರುತ್ತಿರಲಿಲ್ಲ. ದೋಣಿ ಎತ್ತ ಹೋದರೇನು, ಒಟ್ಟಿನಲ್ಲಿ ಹೋಯಿತು. ಚಿಕ್ಕ ಹುಡುಗಿಯರಿಗೆ ಮಾತ್ರ ಎರಡೂ ಕಡೆ ಓಡಾಡಲು ಬಿಡುತ್ತಿದ್ದರು. ನಾನು ಅಪ್ಪನ ಹತ್ತಿರ ಸೇಂಗಾ ತಿಂದು, ಅವ್ವನ ಹತ್ತಿರ ನೀರು ಕುಡಿದು, ಪರದೆಯ ಕೆಳಗೆ ನುಸುಳಿ ಇತ್ತಿಂದತ್ತ ಅತ್ತಿಂದಿತ್ತ ಓಡಾಡುತ್ತಿದ್ದೆ.

ಆ ವರ್ಷ ಕಮಲಾಪುರದಿಂದ ನಾಗಮ್ಮ ಅತ್ತಿ ಬಂದಿದ್ದಳು. ನಮ್ಮಪ್ಪನ ಒಡಹುಟ್ಟಿದ ತಂಗಿ. ಸಂತೆಯ ಗಾಡಿಯಲ್ಲಿ, ಮಡಿಲಲ್ಲಿ ಕೆಂಪು ಬಾಳೆಹಣ್ಣಿನ ಗೊನೆ ಇಟ್ಟುಕೊಂಡು ಇಳಿದಳು. ಕಮಲಾಪುರದ ಕೆಂಪು ಬಾಳೆಯ ವಾಸನೆಗೆ ನಾನು ಅವಳಿಗಿಂತ ಮೊದಲು ಗಾಡಿಯ ಹತ್ತಿರ ಹೋಗಿ ನಿಂತಿದ್ದೆ. ಪ್ರತಿ ಸಲ ನನ್ನ ಗದ್ದ ಹಿಡಿದು ನಗಿಸುತ್ತಿದ್ದವಳು ಆ ಸಲ ನೇರ ಒಳಗೆ ಹೋಗಿ ಅಡುಗೆಮನೆಯ ಗೋಡೆಗೆ ಒರಗಿ ಕೂತಳು. ಎರಡೂ ಕೈಯ ಹಸಿರು ಬಳೆಗಳನ್ನು ಮೊಣಕೈತನಕ ಏರಿಸಿ, ಸೆರಗು ಮುಚ್ಚಿಕೊಂಡಿದ್ದಳು.

ಸಂಗತಿ ಹೀಗಿತ್ತು. ಅತ್ತಿಯ ಗಂಡ ಭೀಮಶಾ ಮಾಮ ನಾನು ಹುಟ್ಟುವ ಮೊದಲೇ ಮನೆ ಬಿಟ್ಟು ಹೋಗಿದ್ದ. ಅವನು ಹುಟ್ಟಾ ಎಡಗೈಯವ. ನಮ್ಮ ಕಡೆ ಅಂಥವರಿಗೆ ರೊಡ್ಡ ಎನ್ನುತ್ತಾರೆ. ಊರಲ್ಲಿ ಅವನ ಹೆಸರೇ ರೊಡ್ಡ ಭೀಮಶಾ. ಎಡಗೈಯಲ್ಲಿ ಕುಡಗೋಲು ಹಿಡಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಉಣ್ಣುವಾಗ ಎಡಗೈ ತಾಟಿಗೆ ಹೋದರೆ ಮಾತ್ರ ಮನೆಯೆಲ್ಲ ಹೌಹಾರುತ್ತಿತ್ತು. ಚಿಕ್ಕವನಿದ್ದಾಗ ಅವನಪ್ಪ ಆ ಕೈಯನ್ನು ಕಂಬಕ್ಕೆ ಕಟ್ಟಿ ಉಣ್ಣಿಸುತ್ತಿದ್ದನಂತೆ. ಮದುವೆಯಾದ ಹೊಸದರಲ್ಲಿ ಬೀಗರ ಊಟ ನಡೆದಿತ್ತು. ಪಂಕ್ತಿಯಲ್ಲಿ ಕೂತಿದ್ದ ಮಾಮ ಮೈಮರೆತು ಎಡಗೈಯನ್ನೇ ಶಾವಿಗಿಗೆ ಹಾಕಿದ. ಬೀಗರು ನಕ್ಕರು. ಯಾರೋ ಏನೋ ಅಂದರಂತೆ. ಬಾಯಿಯ ತನಕ ಬಂದ ತುತ್ತನ್ನು ತಾಟಿನಲ್ಲಿ ಬಿಟ್ಟು, ರುಮಾಲು ಸುತ್ತಿಕೊಂಡು ಹೋದವನು ಹೋದ. ಬೊಂಬಾಯಿಯಿಂದ ಆಗಬೋಟು ಹತ್ತಿ ಇಟಲಿ ದೇಶಕ್ಕೆ ಹೋದ ಎಂದು ಕಮಲಾಪುರದ ಒಬ್ಬಾತ ಬಂದು ಹೇಳಿದ್ದೇ ಕೊನೆಯ ಸುದ್ದಿ. ಆಮೇಲೆ ದೊಡ್ಡ ಲಡಾಯಿ ಬಂತು, ಮುಗಿಯಿತು. ಮಾಮನ ಸುದ್ದಿ ಮಾತ್ರ ಬರಲಿಲ್ಲ.

ಹನ್ನೆರಡು ವರ್ಷ ಸುದ್ದಿಯಿಲ್ಲದವನು ಸತ್ತ ಹಾಗೆ ಎನ್ನುವುದು ಹಿಂದಿನಿಂದ ಬಂದ ಮಾತು. ಆ ವರ್ಷ ಅದು ತುಂಬಿತ್ತು. ಅಣ್ಣನ ಹೆಸರಿನಲ್ಲಿದ್ದ ಹೊಲ ತನ್ನ ಹೆಸರಿಗೆ ಆಗಬೇಕೆಂದರೆ ಅಣ್ಣ ಸತ್ತನೆಂದು ಊರು ಒಪ್ಪಬೇಕು ಎಂಬುದು ಅತ್ತಿಯ ಮೈದುನ ಬಸಣ್ಣನ ಲೆಕ್ಕ. ಬರುವ ಅಮಾವಾಸ್ಯೆ ಕಳೆದ ಮೇಲೆ ಹಿರಿಯರನ್ನು ಕೂಡಿಸಿ, ಉತ್ತರಕ್ರಿಯೆ ಮಾಡಿ, ಅತ್ತಿಯ ಬಳೆ ಒಡೆಯಬೇಕೆಂದು ಗೊತ್ತುಮಾಡಿದ್ದ. ಬಸಣ್ಣನೇನೂ ದುಷ್ಟನಲ್ಲ. ಅತ್ತಿಗೆಯನ್ನು ಒಂದು ದಿನವೂ ಉಪವಾಸ ಕೆಡವಿದವನಲ್ಲ. ಮನೆಯಲ್ಲಿ ಮಕ್ಕಳು ಬೆಳೆಯುತ್ತಿದ್ದವು, ಅಷ್ಟೆ.

"ಅಣ್ಣಾ, ನೀ ಒಂದು ಮಾತು ಹೇಳು. ನಿನ್ನ ಮಾತಿಗಿ ಬಸಣ್ಣ ಬೆಲಿ ಕೊಡ್ತಾನ" ಎಂದಳು ಅತ್ತಿ.

ಅಪ್ಪ ಅಡಕೆ ಕತ್ತರಿಸುತ್ತ ಕೂತಿದ್ದ. "ಏನಂತ ಹೇಳ್ಲಿ ನಾಗಿ? ಅಂವ ಇದ್ದಾನಂತ ನನಗರ ಏನು ಗುರ್ತದ? ಲೋಕದ ರೀತಿ ಬಿಟ್ಟು ನಡಿಯಾಕ ಬರ್ತದೇನು?" ಎಂದ.

ಅವ್ವನಿಗೆ ಇದು ಸೇರಲಿಲ್ಲ. "ಅಕ್ಕಾ, ಏಳ್ರಿ. ಬೈಸ್ಕೋಪಿಗಿ ಹೋಗೂಣು. ಇಟಲಿ ದೇಶ ತೋರಸ್ತಾರ. ಒಂದು ತಾಸು ಮನಸ್ಸಿಗಿ ಹಗುರಾಗ್ತದ" ಎಂದಳು. ಅವ್ವ ಹೇಳಿದ್ದು ಬರೀ ಮನಸ್ಸು ಹಗುರಾಗಲಿ ಎಂದು. ಅತ್ತಿ ಮಾತ್ರ 'ಇಟಲಿ' ಎಂಬ ಮಾತು ಕೇಳಿದ್ದೇ ಎದ್ದು ಮುಖ ತೊಳೆದು, ಕುಂಕುಮ ಹಚ್ಚಿಕೊಂಡು, ಗಾಡಿಯಲ್ಲಿ ಉಟ್ಟು ಬಂದ ಸೀರೆ ಬದಲಿಸಿ, ಹೆರಳು ಹಾಕಿಕೊಂಡಳು. ಗಂಡನ ಊರಿಗೆ ಹೊರಟವಳ ಹಾಗೆ.

ಅಂದು ಹಾಕಿದ್ದು ಶಾವಿಗಿ ಊರು. ಸಮುದ್ರದ ದಂಡೆಯ ಮೇಲೊಂದು ಪಟ್ಟಣ. ಓಣಿಯ ಉದ್ದಕ್ಕೂ ಬಿದಿರಿನ ಗಳುಗಳ ಮೇಲೆ ಏನೋ ಎಳೆ ಎಳೆಯಾಗಿ ಇಳಿಬಿಟ್ಟು ಒಣಗಿಸಿದ್ದರು. ಪರದೆಯ ಹಿಂದಿನ ಹೆಂಗಸರೆಲ್ಲ ಒಟ್ಟಿಗೇ ಕೂಗಿದರು: "ಯವ್ವಾ, ಶಾವಿಗಿ! ಶಾವಿಗಿ ರೀ!"

ನಿಮಗೆ ನಗು ಬರಬಹುದು. ನಮಗೆ ಅಂದು ಆದ ಸಂತೋಷ ಹೇಳತೀರದು. ಅಷ್ಟು ದಿನ ಬಿಳಿ ಜನ, ಕುದುರೆ, ಅರಮನೆ, ದೋಣಿ ನೋಡಿ ನೋಡಿ ಬೆರಗಾಗಿದ್ದೆವೇ ಹೊರತು ಅದರಲ್ಲಿ ನಮ್ಮದು ಎನ್ನುವ ಒಂದು ವಸ್ತುವೂ ಇರಲಿಲ್ಲ. ಈಗ ನೋಡಿದರೆ ಯುಗಾದಿಯ ಮುಂದೆ ನಮ್ಮ ಮಾಳಿಗೆಗಳ ಮೇಲೆ ಒಣಗುವ ಶಾವಿಗಿಯೇ ಅಲ್ಲಿಯೂ ಒಣಗುತ್ತಿದೆ! "ನಮ್ಮಕಿನ್ನ ಸ್ವಲ್ಪ ದಪ್ಪ ಆಗ್ಯಾವ" ಎಂದು ಒಬ್ಬಾಕೆ ಕೊಂಕು ತೆಗೆದಳು. "ಗೋಧಿ ಛಲೋ ಇಲ್ಲ, ಪಾಪ" ಎಂದು ಇನ್ನೊಬ್ಬಾಕೆ. ಹಾಗೆ ಒಂದು ಕ್ಷಣದಲ್ಲಿ ಇಟಲಿ ನಮ್ಮ ಬೀಗರ ಊರಾಯಿತು.

ಮುಂದೆ ಓಣಿಯ ಬದಿಗೆ ಕೂಲಿಯವರು, ಬೆಸ್ತರು ಸಾಲಾಗಿ ನಿಂತು ಅದೇ ಶಾವಿಗಿ ಉಣ್ಣುವುದನ್ನು ತೋರಿಸಿದರು. ಮುಳ್ಳುಚಮಚವೂ ಇಲ್ಲ, ಮಣ್ಣೂ ಇಲ್ಲ. ಕೈಯಿಂದ ಎಳೆಗಳನ್ನು ಮೇಲೆತ್ತಿ, ಕತ್ತು ಹಿಂದಕ್ಕೆ ಚೆಲ್ಲಿ, ಬಾಯಿಗೆ ಇಳಿಬಿಡುತ್ತಿದ್ದರು. ಒಬ್ಬ ದಪ್ಪ ಮೀಸೆಯವನಂತೂ ಉಣ್ಣುತ್ತ ಉಣ್ಣುತ್ತ ನಮ್ಮ ಕಡೆ ನೋಡಿ ನಕ್ಕುಬಿಟ್ಟ. ಹೆಂಗಸರೆಲ್ಲ ನಕ್ಕರು. ನಗದೆ ಇದ್ದವಳು ಅತ್ತಿ ಒಬ್ಬಳೇ. ಅವಳು ನನ್ನ ರಟ್ಟೆ ಹಿಡಿದ ಹಿಡಿತಕ್ಕೆ ನನಗೆ ನೋವಾಯಿತು.

"ವೈನಿ, ನೋಡ್ರಿ. ಎಡಗೈ" ಎಂದಳು.

ಅವ್ವ ನೋಡಿದಳು. ಮೀಸೆಯವನದು ಎಡಗೈ. ಪಕ್ಕದವನದೂ ಎಡಗೈ. ಹಲ್ಲಿಲ್ಲದ ಮುದುಕನದೂ ಎಡಗೈ. ಅಲ್ಲಿ ನಿಂತವರೆಲ್ಲ ರೊಡ್ಡರು!

"ಅಯ್ಯ, ಖರೇನ! ಇಡೀ ದೇಶಕ್ಕ ದೇಶನ ಎಡಗೈಲೆ ಉಣ್ಣಾಕತ್ತದಲ್ಲ!" ಎಂದು ಅವ್ವ ಕೂಗಿದಳು. ಹೆಂಗಸರೆಲ್ಲ ಗಲ್ಲಕ್ಕೆ ಕೈಹಚ್ಚಿ ನೋಡಿದರು. ಪರದೆಯ ಆಚೆಯಿಂದ ಕಾಸೀಂಸಾಬ ಬೇರೇನನ್ನೋ ಹೇಳುತ್ತಿದ್ದ. ಯಾರ ಕಿವಿಗೂ ಬೀಳಲಿಲ್ಲ.

ಅತ್ತಿ ಮೆಲ್ಲಗೆ, ತನಗೆ ತಾನೇ ಹೇಳಿಕೊಳ್ಳುವ ಹಾಗೆ ಅಂದಳು: "ಅದಕ್ಕ ಅವರು ಅಲ್ಲೇ ಉಳದಾರ. ಅಲ್ಲಿ ಅವರಿಗಿ ಯಾರೂ ಏನೂ ಅನ್ನಂಗಿಲ್ಲ."

ಹೆಂಗಸರಿಗೆ ಅತ್ತಿಯ ಕಥೆ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವ್ವ ಅಲ್ಲೇ ಹೇಳಿದಳು. ಆಟ ಮುಗಿಯುವುದರೊಳಗೆ ಪರದೆಯ ಹಿಂದಿದ್ದ ಅಷ್ಟೂ ಜನ ತೀರ್ಮಾನಕ್ಕೆ ಬಂದುಬಿಟ್ಟಿದ್ದರು: ಭೀಮಶಾ ಜೀವಂತ ಇದ್ದಾನೆ, ಎಡಗೈಯವರ ದೇಶದಲ್ಲಿ ಸುಖವಾಗಿ ಶಾವಿಗಿ ಉಣ್ಣುತ್ತಿದ್ದಾನೆ. ಸಂತೆಯ ಗಾಡಿಗಳ ಜೊತೆ ಆ ಸುದ್ದಿ ಅತ್ತಿಗಿಂತ ಮೊದಲು ಕಮಲಾಪುರ ಮುಟ್ಟಿತು.

ಮನೆಯಲ್ಲಿ ಜಗಳವೋ ಜಗಳ. ಅಪ್ಪ ಮುಂದೆ ಕೂತು ಅದೇ ಆಟ ನೋಡಿದ್ದ. "ಎಲ್ಲಾರೂ ಬಲಗೈಲೆ ಉಂಡ್ರು. ನಾ ಕಣ್ಣಾರೆ ನೋಡೀನಿ" ಎಂದ. "ನಾವೇನು ಕಿವಿಲೆ ನೋಡೀವೇನ್ರಿ?" ಎಂದಳು ಅವ್ವ. ಆ ಮಾತಿನ ಮೇಲೆ ಮುನಿಸು ಹತ್ತಿ, ಅವ್ವ ರೊಟ್ಟಿಯನ್ನು ಮಾತಿಲ್ಲದೆ ಬಡಿಸಿದಳು, ಅಪ್ಪ ಮಾತಿಲ್ಲದೆ ಉಂಡ. ಅಷ್ಟರಲ್ಲಿ ಬಸಣ್ಣ ಅತ್ತಿಗೆಯನ್ನು ಕರೆದೊಯ್ಯಲು ಗಾಡಿ ಕಟ್ಟಿಕೊಂಡು ಬಂದ. ಅಪ್ಪ ನನ್ನ ಜೊತೆ ಅವನನ್ನೂ ಡೇರೆಗೆ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂಡಿಸಿದ. ಬಸಣ್ಣ ಮನೆಗೆ ಬಂದವನೇ ಸೆಗಣಿ ಸಾರಿಸಿದ ನೆಲ ಮುಟ್ಟಿ ಆಣೆ ಮಾಡಿದ: "ಬಲಗೈ!" ಗಂಡಸರಿಗೆ ಹೆಂಗಸರು ಸುಳ್ಳರು, ಹೆಂಗಸರಿಗೆ ಗಂಡಸರು ಸುಳ್ಳರು. ಎಲ್ಲರೂ ಖರೆ ಹೇಳುತ್ತಿದ್ದಾರೆ ಎಂಬುದು ಗೊತ್ತಿದ್ದದ್ದು ಪರದೆಯ ಕೆಳಗೆ ನುಸುಳುತ್ತಿದ್ದ ನನಗೊಬ್ಬಳಿಗೆ. ನನ್ನನ್ನು ಯಾರೂ ಕೇಳಲಿಲ್ಲ. ನನಗೂ ಅದೊಂದು ದೊಡ್ಡ ಸಂಗತಿ ಅನ್ನಿಸಿರಲಿಲ್ಲ. ಆ ಕಡೆಯಿಂದ ನೋಡಿದರೆ ಹಾಗೆ, ಈ ಕಡೆಯಿಂದ ನೋಡಿದರೆ ಹೀಗೆ. ಮನೆಯಲ್ಲಿ ಯಾವುದು ತಾನೇ ಹಾಗಿರಲಿಲ್ಲ?

ಅಮಾವಾಸ್ಯೆಯ ಮೇಲೆ ಕಮಲಾಪುರಕ್ಕೆ ನಾವೂ ಹೋದೆವು. ಬಸಣ್ಣನ ಮನೆಯ ಅಂಗಳದಲ್ಲಿ ಹಿರಿಯರು ಕೂತಿದ್ದರು. ನಡುವೆ ಊರ ಗೌಡರು, ಬಿಳಿ ಹುಬ್ಬಿನ ವೃದ್ಧರು. ಹೆಂಗಸರು ಪಡಸಾಲೆಯಲ್ಲಿ ನೆರೆದಿದ್ದರು. ಅತ್ತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆ ಕೈಯ ಬಳೆಗಳನ್ನೇ ಎಲ್ಲರೂ ನೋಡುತ್ತಿದ್ದರು. ಇವು ಇವತ್ತು ಒಡೆದುಹೋಗುತ್ತವೆ ಎಂದು ನನಗೆ ಅದೇ ಮೊದಲ ಸಲ ನಿಜವಾಗಿ ತಿಳಿಯಿತು.

ಕೈಯ ಜಗಳ ಅಲ್ಲಿಯೂ ಶುರುವಾಯಿತು. ಆಗ ಬಸಣ್ಣ ನನ್ನ ಕಡೆ ಬೆರಳು ಮಾಡಿದ. "ಗೌಡ್ರ, ಈ ಹುಡುಗಿ ಎರಡೂ ಕಡಿ ಕುಂತು ನೋಡ್ಯಾಳ. ಈಕಿನ್ನ ಕೇಳ್ರಿ."

"ಬಾ ಅವ್ವ, ಅಂಜಬ್ಯಾಡ" ಎಂದರು ಗೌಡರು. "ಯಾವ ಕೈ?"

ನಾನು ಅತ್ತಿಯನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. "ಮುಂದಿಂದ ನೋಡಿದ್ರ ಬಲಗೈ. ಹಿಂದಿಂದ ನೋಡಿದ್ರ ಎಡಗೈ" ಎಂದೆ.

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. "ಎರಡೂ ಕಡಿ ಸೇಂಗಾ ತಿಂದದ, ಎರಡೂ ಕಡಿ ಸಾಕ್ಷಿ ಹೇಳ್ತದ" ಎಂದು ಯಾರೋ ಅಂದರು. ಗೌಡರು ನಗಲಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಬಲ್ಲವರು. ತಮ್ಮ ಹೆಗಲ ಮೇಲಿನ ತೆಳ್ಳನೆಯ ಧೋತರವನ್ನು ಹಗ್ಗದ ಮೇಲೆ ಹಾಕಿಸಿ ನೀರು ಚಿಮುಕಿಸಿದರು. ಬಿಸಿಲು ಬೀಳುವ ಕಡೆಗೆ, ಧೋತರಕ್ಕೆ ಮುಖ ಮಾಡಿ ನನ್ನನ್ನು ನಿಲ್ಲಿಸಿ ಬಲಗೈ ಎತ್ತು ಎಂದರು. ಗಂಡಸರು ನನ್ನ ಬೆನ್ನ ಹಿಂದೆ, ಹೆಂಗಸರು ಬಟ್ಟೆಯ ಆಚೆಗೆ. ನನ್ನ ನೆರಳು ಗಂಡಸರಿಗೆ ಬಲಕ್ಕೆ ಕೈ ಎತ್ತಿತು, ಹೆಂಗಸರಿಗೆ ಎಡಕ್ಕೆ ಎತ್ತಿತು. ಗೌಡರು ಎಲ್ಲರನ್ನೂ ಒಮ್ಮೆ ಅದಲುಬದಲು ಮಾಡಿ ನಿಲ್ಲಿಸಿದರು. ಆಮೇಲೆ ಯಾರೂ ನಗಲಿಲ್ಲ.

"ಹಂಗಾದ್ರ ಆ ಜನ ಖರೇನ ಬಲಗೈಲೆ ಉಣ್ಣವರು" ಎಂದ ಬಸಣ್ಣ. ಗೆದ್ದ ಖುಷಿ ಅವನ ದನಿಯಲ್ಲಿರಲಿಲ್ಲ. ಅಪ್ಪ ತಲೆ ತಗ್ಗಿಸಿದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಎತ್ತಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ.

ಆಗ ಅತ್ತಿ ಚೌಕಟ್ಟು ಬಿಟ್ಟು ಅಂಗಳಕ್ಕೆ ಇಳಿದಳು. ಹಿರಿಯರ ಮುಂದೆ ಹೆಂಗಸು ಹಾಗೆ ಇಳಿದದ್ದನ್ನು ಆ ಊರು ಅದುವರೆಗೆ ಕಂಡಿರಲಿಲ್ಲ.

"ಬಲಗೈಲೆ ಉಣ್ಣಲಿ ರೀ ಗೌಡ್ರ. ಅದು ಹೋಗ್ಲಿ. ಉಣ್ಣಾಕತ್ತವರನ್ನ ಅಲ್ಲಿ ಯಾರೂ ಎಬ್ಬಿಸಲಿಲ್ಲ. ಅದನ್ನ ಮುಂದಿನವರೂ ನೋಡ್ಯಾರ, ಹಿಂದಿನವರೂ ನೋಡೀವಿ" ಎಂದಳು. "ಅವತ್ತು ಬೀಗರ ಊಟದಾಗ ಯಾರೋ ಏನೋ ಅಂದ್ರು ಅಂತ ಎಲ್ಲಾರೂ ಹೇಳ್ತೀರಿ. ಬೀಗರು ನಕ್ಕಿದ್ದು ಖರೆ. ಆ ನಗಿಗಿ ನಮ್ಮ ಮನಿಯವರು ಏಳವರಲ್ಲ. ತುಪ್ಪ ನೀಡಾಕ ಬಗ್ಗಿದಾಕಿ ನಾ. 'ಮಂದಿ ನೋಡಾಕತ್ತಾರ, ಬಲಗೈಲೆ ಉಣ್ರಿ' ಅಂತ ಕಿವ್ಯಾಗ ಅಂದಾಕಿ ನಾ. ಒಮ್ಮಿ ನನ್ನ ಮಾರಿ ನೋಡಿದ್ರು. ಎದ್ದು ಹೋದ್ರು."

ಅಷ್ಟು ವರ್ಷ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ.

"ಅರ್ಧ ಊಟಕ್ಕ ಎದ್ದವರು ರೀ ಅವರು. ಎಬ್ಬಿಸಿದಾಕಿ ನಾ, ಮತ್ತ ಕುಂದರ್ರಿ ಅನ್ನಬೇಕಾದಾಕೀನೂ ನಾನ. ನಾ ಬಳಿ ಒಡಕೊಂಡ್ರ ಆ ಮಾತು ಯಾರು ಹೇಳವರು?" ಎಂದು ಬಸಣ್ಣನ ಕಡೆ ತಿರುಗಿದಳು. "ಬಸಣ್ಣ, ಹೊಲ ನೀ ಮಾಡು, ನೀ ಉಣ್ಣು, ಮಕ್ಕಳಿಗಿ ಕೊಡು. ಈ ಹಿರ್ಯಾರ ಮುಂದ ನಾ ಹೇಳೀನಿ. ಬಳಿ ಮಾತ್ರ ಕೇಳಬ್ಯಾಡ."

ಬಸಣ್ಣ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. ಗೌಡರು ಒದ್ದೆಯ ಧೋತರವನ್ನು ಹಗ್ಗದಿಂದ ತೆಗೆದು ಹೆಗಲಿಗೆ ಹಾಕಿಕೊಂಡರು. "ಹೊಲದ ಮಾತು ಮುಗೀತು. ಬಳಿ ಆಕೀವು, ಆಕಿ ಕೈಯಾಗ ಇರ್ಲಿ. ಏಳ್ರಿ, ಊಟಕ್ಕ ಹೊತ್ತಾತು" ಎಂದರು. ಕ್ರಿಯೆಗೆಂದು ಮಾಡಿದ್ದ ಅಡುಗೆಯನ್ನೇ ಎಲ್ಲರೂ ಉಂಡೆವು.

ಭೀಮಶಾ ಮಾಮ ಬರಲಿಲ್ಲ. ಬಂದಿದ್ದರೆ ನಾನು ಇದನ್ನು ಇಷ್ಟು ಸುತ್ತಿ ಬಳಸಿ ಬರೆಯುತ್ತಿರಲಿಲ್ಲ, ಮೊದಲನೆಯ ಸಾಲಿನಲ್ಲೇ ಕೂಗಿ ಹೇಳುತ್ತಿದ್ದೆ. ಅತ್ತಿ ಪ್ರತಿ ಯುಗಾದಿಗೆ ಶಾವಿಗಿ ಮಾಡಿ, ಮೊದಲು ಒಂದು ತಾಟು ಬೇರೆ ಬಡಿಸಿ ಇಡುತ್ತಿದ್ದಳು. ಆಮೇಲೆ ಅದನ್ನು ಮಕ್ಕಳಿಗೆ ಹಂಚುತ್ತಿದ್ದಳು. ನಾವು ಯಾವ ಕೈಯಿಂದ ತಿಂದರೂ ಅವಳು ಒಂದು ಮಾತೂ ಆಡುತ್ತಿರಲಿಲ್ಲ. ಬೇರೆ ಯಾರಾದರೂ ಆಡಿದರೆ ಮಾತ್ರ ಲಟ್ಟಣಿಗೆ ಹಿಡಿದು ಏಳುತ್ತಿದ್ದಳು. ಬಸಣ್ಣನ ಮೊಮ್ಮಗನೊಬ್ಬ ಅವಳ ದಯೆಯಿಂದ ಇಂದಿಗೂ ಎಡಗೈಯಲ್ಲೇ ಉಣ್ಣುತ್ತಾನೆ, ದಷ್ಟಪುಷ್ಟವಾಗಿದ್ದಾನೆ.

ಕಂಪನಿಯ ಡೇರೆ ಹೋಯಿತು. ಕಲಬುರಗಿಯಲ್ಲಿ ಕಟ್ಟಿದ ಟಾಕೀಸು ಬಂತು. ನಾನು ಮದುವೆಯಾಗಿ, ಮಕ್ಕಳ ತಾಯಿಯಾಗಿ, ಅದೇ ಊರಿನಲ್ಲಿ ಮನೆ ಮಾಡಿಕೊಂಡಿದ್ದೆ. ನಿಜಾಮರ ಆಳಿಕೆಯ ಕೊನೆಯ ದಿನಗಳು ಅವು. ಅತ್ತಿಗೆ ವಯಸ್ಸಾಗಿತ್ತು. ಕಣ್ಣಿಗೆ ಔಷಧ ಹಾಕಿಸಿಕೊಳ್ಳಲು ಕಮಲಾಪುರದಿಂದ ನಮ್ಮಲ್ಲಿಗೆ ಬಂದಿದ್ದಳು. ಬಾಳೆಹಣ್ಣಿನ ಗೊನೆಯನ್ನು ಈಗ ಎತ್ತಲಾರದೆ ಗಾಡಿಯವನ ಕೈಯಲ್ಲಿ ಹೊರಿಸಿದ್ದಳು. ಬಳೆಗಳು ಮಾತ್ರ ಹಾಗೆಯೇ ಹಸಿರಾಗಿದ್ದವು. ಸುಮ್ಮನೆ ಮನೆಯಲ್ಲಿ ಕೂಡುವುದೇಕೆಂದು ಟಾಕೀಸಿಗೆ ಕರೆದುಕೊಂಡು ಹೋದೆ. ಹೆಂಗಸರಿಗೆ ಈಗ ಬೇರೆ ಬಾಲ್ಕನಿ. ಪರದೆಯನ್ನು ಮುಂದಿನಿಂದ ನೋಡಿದ್ದು ಅತ್ತಿಗೆ ಅದೇ ಮೊದಲು.

ದೊಡ್ಡ ಆಟಕ್ಕೆ ಮುಂಚೆ ಪರದೇಶಗಳ ಒಂದು ತುಂಡು ಚಿತ್ರ ಹಾಕುತ್ತಿದ್ದರು. ಅಂದು ಸಮುದ್ರ ಕಂಡಿತು. ದಂಡೆ ಕಂಡಿತು. ದಂಡೆಯ ಮೇಲೆ ಹೊಗೆಯಾಡುವ ಗುಡ್ಡ. ಓಣಿ ಬಂತು, ಗಳುಗಳ ಮೇಲೆ ಒಣಗುವ ಎಳೆಗಳು ಬಂದವು.

"ಶರಣೀ, ಶಾವಿಗಿ ಊರಲ್ಲೇನ ಇದು?" ಎಂದಳು ಅತ್ತಿ.

"ಹೌದು ಅತ್ತಿ."

ಅವಳು ನನ್ನ ರಟ್ಟೆ ಹಿಡಿದಳು. ಹಿಡಿತದಲ್ಲಿ ಹಿಂದಿನ ಬಲವಿರಲಿಲ್ಲ. "ಹಿಂದ ಹೋಗಿ ಕೂಡಾಕ ಬಿಡ್ತಾರೇನ?" ಎಂದು ಕೇಳಿದಳು.

"ಹಿಂದ ಗ್ವಾಡಿ ಅದ ಅತ್ತಿ. ಅಲ್ಲಿ ಏನೂ ಕಾಣಂಗಿಲ್ಲ."

"ಹಂಗಾದ್ರ ನಾ ಕಣ್ಣು ಮುಚ್ಚತೇನಿ. ನೀ ನೋಡಿ ಹೇಳು" ಎಂದು ಕಣ್ಣು ಮುಚ್ಚಿ ಕೂತಳು.

ಓಣಿಯ ತಿರುವಿನಲ್ಲಿ ಒಬ್ಬ ನಿಂತಿದ್ದ. ಮುಂದೆ ತಾಟು. ಬಗ್ಗಿ, ಎಳೆಗಳನ್ನು ಬಲಗೈಯಿಂದ ಮೇಲೆತ್ತಿ, ಕತ್ತು ಹಿಂದಕ್ಕೆ ಚೆಲ್ಲಿದ.

"ಯಾವ ಕೈ?" ಎಂದಳು ಅತ್ತಿ.

"ಎಡಗೈ ಅತ್ತಿ" ಎಂದೆ.

ಅವಳ ಬಳೆಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಕಣ್ಣು ತೆರೆಯದೆಯೇ ಅಂದಳು:

"ಉಣ್ಣಲಿ ಬಿಡು."